ಕಿಟಕಿಯಾಚೆಯ ಬಣ್ಣದ ಬಳೆ: ಕೊಡಗಿನಿಂದ ವಿಮಾನ ಹತ್ತುವವರಿಗೆ ಒಂದು ಮಾರ್ಗದರ್ಶಿ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕಾದವರು ಮೊದಲು ಬೆಟ್ಟ ಇಳಿಯಬೇಕು. ವಿರಾಜಪೇಟೆ ಕಡೆಯವರು ಪೆರುಂಬಾಡಿ, ಮಾಕುಟ್ಟ ದಾಟಿ ಇರಿಟ್ಟಿಯ ಮೂಲಕ, 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರು ನಿಲ್ದಾಣಕ್ಕೆ ಹೋಗುತ್ತಾರೆ. ಮಡಿಕೇರಿಯವರು ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಮೇಲೆ ಮಂಗಳೂರಿಗೆ ಹೋಗುತ್ತಾರೆ. ಕುಶಾಲನಗರ, ಸೋಮವಾರಪೇಟೆಯ ಕಡೆಯವರಿಗೆ ಮೈಸೂರೋ ಬೆಂಗಳೂರೋ ಅನುಕೂಲ. ರಸ್ತೆಯಲ್ಲಿ ಗಂಟೆಗಟ್ಟಲೆ ಕಳೆದು, ಸಾಲಿನಲ್ಲಿ ನಿಂತು, ಕಡೆಗೂ ಆಸನಕ್ಕೆ ಒರಗಿದವರು ಕಿಟಕಿಯ ಪರದೆ ಎಳೆದು ನಿದ್ದೆಗೆ ಜಾರುವುದು ಸಹಜವೇ. ಆದರೆ ಆ ಒಂದೆರಡು ಗಂಟೆಯಲ್ಲಿ ಕಿಟಕಿಯ ಹೊರಗೆ ಕಾಣುವ ಬೆಳಕಿನ ಆಟಗಳಲ್ಲಿ ಹಲವು ನೆಲದ ಮೇಲೆ ನಿಂತವರಿಗೆ ಅಪರೂಪಕ್ಕೂ ದೊರೆಯುವುದಿಲ್ಲ. ಅವನ್ನು ಕಾಣಲು ಉಪಕರಣ ಬೇಡ. ಯಾವ ಬದಿಯಲ್ಲಿ ಕೂರಬೇಕು, ಯಾವ ಹೊತ್ತಿನಲ್ಲಿ ಎತ್ತ ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು. ಅದನ್ನು ಟಿಕೆಟ್ ತೆಗೆಯುವ ಹಂತದಿಂದ ಇಳಿಯುವ ಹಂತದವರೆಗೆ ಇಲ್ಲಿ ವಿವರಿಸಿದ್ದೇನೆ.

ಮೊದಲು ಬದಿಯನ್ನು ಆರಿಸಿಕೊಳ್ಳಿ

ಕಿಟಕಿಯಿಂದ ಕಾಣುವ ದೃಶ್ಯಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವು ಸೂರ್ಯನ ಸುತ್ತಮುತ್ತ ಕಾಣಿಸಿಕೊಳ್ಳುತ್ತವೆ. ಇನ್ನೊಂದು ಪಂಗಡದವು ಸೂರ್ಯನಿಗೆ ಸರಿಯಾಗಿ ಎದುರಿನ ದಿಕ್ಕಿನಲ್ಲಿ, ಅಂದರೆ ನಮ್ಮದೇ ನೆರಳು ಬೀಳುವ ಕಡೆಯಲ್ಲಿ ಹುಟ್ಟುತ್ತವೆ. ಸೂರ್ಯನಿಂದ ಹೊರಟು ನಿಮ್ಮ ಕಣ್ಣಿನ ಮೂಲಕ ಹಾಯ್ದು ಕೆಳಗೆ ಇಳಿಯುವ ಗೆರೆಯೊಂದನ್ನು ಕಲ್ಪಿಸಿಕೊಂಡರೆ ಅದು ಮುಟ್ಟುವ ತಾಣಕ್ಕೆ ಪ್ರತಿಸೂರ್ಯ ಬಿಂದು ಎಂದು ಹೆಸರು. ಒಂದೇ ಕಿಟಕಿಯಿಂದ ಎರಡೂ ಪಂಗಡಗಳನ್ನು ನೋಡಲಾಗದು, ಆದ್ದರಿಂದ ಮೊದಲೇ ಆಯ್ಕೆ ಮಾಡಿಕೊಳ್ಳಬೇಕು. ಇದೇ ಮೊದಲ ಸಲ ನೋಡಲು ಹೊರಟವರಿಗೆ ನನ್ನ ಸಲಹೆ ನೆರಳಿನ ಬದಿ. ಕಣ್ಣಿಗೆ ಬಿಸಿಲು ಚುಚ್ಚದು, ಫಲವೂ ಹೆಚ್ಚು ಖಚಿತ.

ಹಾಳೆಯೊಂದರ ಮೇಲೆ ಉತ್ತರ ದಿಕ್ಕನ್ನು ಗುರುತಿಸಿ, ವಿಮಾನ ಸಾಗುವ ದಿಕ್ಕಿಗೆ ಒಂದು ಬಾಣ ಬರೆಯಿರಿ. ಆ ಹೊತ್ತಿನಲ್ಲಿ ಸೂರ್ಯ ಇರುವ ಕಡೆ ಒಂದು ಚುಕ್ಕೆ ಇಡಿ. ಚುಕ್ಕೆ ಬಾಣದ ಬಲಕ್ಕೆ ಬಿದ್ದರೆ ನೆರಳು ಎಡಕ್ಕೆ ಬೀಳುತ್ತದೆ. ಆಸನದ ಅಕ್ಷರಗಳಲ್ಲಿ ‘ಎ’ ಯಾವಾಗಲೂ ಎಡ ಕಿಟಕಿ; ಸಾಲಿಗೆ ಆರು ಆಸನಗಳಿರುವ ವಿಮಾನಗಳಲ್ಲಿ ‘ಎಫ್’ ಬಲ ಕಿಟಕಿ. ಬೆಂಗಳೂರಿನಿಂದ ಬೆಳಿಗ್ಗೆ ದೆಹಲಿಗೆ ಹೊರಟವರಿಗೆ ಸೂರ್ಯ ಬಲಕ್ಕಿರುವುದರಿಂದ ನೆರಳಿನ ಬದಿ ‘ಎ’ ಆಗುತ್ತದೆ, ಸಂಜೆಯ ಪ್ರಯಾಣವಾದರೆ ‘ಎಫ್’. ಕಣ್ಣೂರಿನಿಂದ ಸಂಜೆ ಕೊಲ್ಲಿ ದೇಶಗಳಿಗೆ ವಾಯವ್ಯ ದಿಕ್ಕಿನಲ್ಲಿ ಹಾರುವವರಿಗೆ ನೆರಳು ಬಲಕ್ಕೆ, ತುಸು ಹಿಂದಕ್ಕೆ ಸರಿದಂತೆ ಬೀಳುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬೆಳಗಿನ ಪ್ರಯಾಣ ಮಾತ್ರ ಈ ಲೆಕ್ಕದಲ್ಲಿ ಅಷ್ಟೇನೂ ಪ್ರಯೋಜನವಿಲ್ಲದ್ದು: ಸೂರ್ಯ ನೇರ ಮುಂದಿರುತ್ತಾನೆ, ನೆರಳು ಬಾಲದ ಹಿಂದೆ ಅಡಗಿಬಿಡುತ್ತದೆ.

ಇಲ್ಲಿ ನಮ್ಮ ಅಕ್ಷಾಂಶದವರು ಎಡವುವ ಒಂದು ಜಾಗವಿದೆ. ಮಧ್ಯಾಹ್ನದ ಸೂರ್ಯ ಸದಾ ದಕ್ಷಿಣಕ್ಕೆ ಇರುತ್ತಾನೆ ಎಂದು ದೂರದ ಶೀತ ದೇಶಗಳವರು ಬರೆದ ಸೂಚನೆಗಳಲ್ಲಿ ಇರುತ್ತದೆ. ಕೊಡಗು ಇರುವುದು ಭೂಮಧ್ಯರೇಖೆಯಿಂದ ಸುಮಾರು 12.4 ಡಿಗ್ರಿ ಉತ್ತರದಲ್ಲಿ. ಇಲ್ಲಿ ಏಪ್ರಿಲ್ 22–23ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಮಳೆಗಾಲದ ಜೂನ್, ಜುಲೈಗಳಲ್ಲಿ ಪೂರ್ವ–ಪಶ್ಚಿಮವಾಗಿ ಹಾರುವವರು ಇದನ್ನು ಮರೆತರೆ ತಪ್ಪು ಕಿಟಕಿಯಲ್ಲಿ ಕೂರಬೇಕಾಗುತ್ತದೆ. ನಾನೂ ಒಮ್ಮೆ ಹಾಗೆ ಕೂತು, ಎದುರು ಬದಿಯವರು ಪರದೆ ಮುಚ್ಚಿ ಮಲಗಿದ್ದನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತ ಬಂದಿದ್ದೇನೆ.

ಹೊತ್ತಿನ ವಿಷಯದಲ್ಲೂ ಒಂದು ಮಾತು. ಸೂರ್ಯ ನೆತ್ತಿಗೆ ಹತ್ತಿರವಿದ್ದಾಗ ನೆರಳು ವಿಮಾನದ ಹೊಟ್ಟೆಯ ಕೆಳಗೇ ಬೀಳುತ್ತದೆ, ಕಿಟಕಿಯಿಂದ ಅಷ್ಟು ಕೆಳಗೆ ಬಾಗಿ ನೋಡಲಾಗದು. ಕೊಡಗಿನ ರೇಖಾಂಶದಲ್ಲಿ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗೆ ಬರುವುದಿಲ್ಲ, ಸುಮಾರು 12.30ಕ್ಕೆ ಬರುತ್ತದೆ. ಆದ್ದರಿಂದ ಬೆಳಿಗ್ಗೆ 7.30ರಿಂದ 10ರವರೆಗೆ ಮತ್ತು ಮಧ್ಯಾಹ್ನ 3ರಿಂದ 5.30ರವರೆಗಿನ ಹಾರಾಟಗಳು ನೆರಳಿನ ಬದಿಗೆ ಯೋಗ್ಯ. ಸಾಲನ್ನು ಆರಿಸುವಾಗ ರೆಕ್ಕೆಯ ಮುಂದಿನ ಸಾಲುಗಳನ್ನು ಕೇಳಿ. ಹಿಂದಿನ ಸಾಲುಗಳಲ್ಲಿ ರೆಕ್ಕೆ ಅಡ್ಡ ಬರುವುದಲ್ಲದೆ, ಜೆಟ್ ಎಂಜಿನ್ನಿನ ಬಿಸಿ ಗಾಳಿಯಿಂದ ಕೆಳಗಿನ ದೃಶ್ಯವೆಲ್ಲ ಒಲೆಯ ಮೇಲಿನ ಗಾಳಿಯಂತೆ ನಡುಗುತ್ತದೆ. ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನದ ರೆಕ್ಕೆ ಕಿಟಕಿಗಳ ಮೇಲ್ಗಡೆ ಜೋಡಿಸಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿ ಕಡಿಮೆ. ಅದು ಜೆಟ್ಟಿಗಿಂತ ತಗ್ಗಿನಲ್ಲೂ ನಿಧಾನವಾಗಿಯೂ ಹಾರುವುದರಿಂದ, ಈ ಕೆಲಸಕ್ಕೆ ನಾನು ಅದನ್ನೇ ಮೆಚ್ಚುತ್ತೇನೆ.

ಊರಿನಲ್ಲೇ ಅಭ್ಯಾಸ ಮಾಡಿ

ಆಕಾಶದಲ್ಲಿ ದೂರವನ್ನು ಡಿಗ್ರಿಗಳಲ್ಲಿ ಅಳೆಯಬೇಕಾಗುತ್ತದೆ, ಅದಕ್ಕೆ ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಹಿಡಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ, ಚೆನ್ನಾಗಿ ಅಗಲಿಸಿದ ಗೇಣು 20 ಡಿಗ್ರಿಗೆ ತುಸು ಹೆಚ್ಚು. ಮುಂದೆ ಬರುವ ಸಂಖ್ಯೆಗಳನ್ನೆಲ್ಲ ಮುಷ್ಟಿ, ಗೇಣುಗಳಿಗೆ ಬದಲಿಸಿಕೊಂಡು ಓದಿ.

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ, ಹುತ್ತರಿಗೆ ಮೊದಲು, ಗದ್ದೆಯಲ್ಲಿ ಪೈರು ನಿಂತಿರುವಾಗ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಬದುವಿನ ಮೇಲೆ ಹೋಗಿ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಇಬ್ಬನಿ ಕೂತ ಪೈರಿನ ಮೇಲೆ ನಿಮ್ಮ ನೆರಳು ಉದ್ದಕ್ಕೆ ಮಲಗಿರುತ್ತದೆ. ಆ ನೆರಳಿನ ತಲೆಯ ಸುತ್ತ ಮಾತ್ರ ಪೈರು ಬೇರೆಡೆಗಿಂತ ಬೆಳ್ಳಗೆ ಹೊಳೆಯುವುದು ಕಾಣುತ್ತದೆ. ಪಕ್ಕದಲ್ಲಿ ನಿಂತವರ ತಲೆಗೆ ಆ ಹೊಳಪು ಇರುವುದಿಲ್ಲ. ಅವರನ್ನು ಕೇಳಿದರೆ ತಮ್ಮ ತಲೆಗೇ ಇದೆ, ನಿಮ್ಮದಕ್ಕಿಲ್ಲ ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ ಇದನ್ನು ಕಂಡು, ಇದು ತನಗೊಬ್ಬನಿಗೇ ದೊರೆತ ವಿಶೇಷ ಎಂದು ತಿಳಿದಿದ್ದ. ನಡೆಯುವುದು ಇಷ್ಟೇ: ದುಂಡಗಿನ ಇಬ್ಬನಿ ಹನಿ ಪುಟ್ಟ ಮಸೂರದಂತೆ ಬಿಸಿಲನ್ನು ಎಲೆಯ ಮೇಲೆ ಕೂಡಿಸುತ್ತದೆ, ಎಲೆಯಿಂದ ಚದುರಿದ ಬೆಳಕು ಅದೇ ಹನಿಯ ಮೂಲಕ ಬಂದ ದಾರಿಯಲ್ಲೇ ಸೂರ್ಯನತ್ತ ಮರಳುತ್ತದೆ. ಆ ದಾರಿಯಲ್ಲಿ ಅಡ್ಡ ನಿಂತಿರುವುದು ನಿಮ್ಮ ಕಣ್ಣು ಮಾತ್ರ. ಪ್ರತಿಸೂರ್ಯ ಬಿಂದು ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಚಿತ್ರವೂ ತಿಳಿಸಲಾರದು.

ಎರಡನೆಯ ಅಭ್ಯಾಸಕ್ಕೆ ಮಂಜು ಬೇಕು, ಅದಕ್ಕೆ ಕೊಡಗಿನಲ್ಲಿ ಕೊರತೆಯಿಲ್ಲ. ಮಳೆ ಹಿಂದೆ ಸರಿದ ಮೇಲೆ, ರಾತ್ರಿ ತಣ್ಣಗಾದ ಗಾಳಿ ಕಣಿವೆಗಳಿಗೆ ಇಳಿದು ಬೆಳಗಿನ ಹೊತ್ತಿಗೆ ಹೊಳೆಯ ಪಾತ್ರವನ್ನೆಲ್ಲ ಮಂಜಿನಿಂದ ತುಂಬಿಸುತ್ತದೆ. ಮಾಂದಲಪಟ್ಟಿಯ ಏಣಿನ ಮೇಲೋ, 1,748 ಮೀಟರ್ ಎತ್ತರದ ತಡಿಯಂಡಮೋಳ್‌ನ ಮೇಲೋ ನಿಂತು, ಬೆನ್ನ ಹಿಂದೆ ಸೂರ್ಯ, ಎದುರಿನ ತಗ್ಗಿನಲ್ಲಿ ಮಂಜು ಇದ್ದರೆ ನಿಮ್ಮ ನೆರಳು ಆ ಮಂಜಿನ ಮೇಲೆ ಬೀಳುತ್ತದೆ. ಅದೃಷ್ಟವಿದ್ದರೆ ತಲೆಯ ಸುತ್ತ ಬಣ್ಣದ ಬಳೆಯೂ ಕಾಣುತ್ತದೆ. ಜರ್ಮನಿಯಲ್ಲಿ 1,141 ಮೀಟರ್ ಎತ್ತರದ ಬ್ರೋಕನ್ ಎಂಬ ಬೆಟ್ಟದ ಹೆಸರಿನಲ್ಲಿ ಪ್ರಸಿದ್ಧವಾದ ‘ಬ್ರೋಕನ್ ಭೂತ’ ಇದೇ ನೆರಳು. ಮಡಿಕೇರಿಯ ರಾಜಾಸೀಟ್ ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಎಲ್ಲರೂ ಅಲ್ಲಿಗೆ ಸೂರ್ಯಾಸ್ತಕ್ಕೆ ಹೋಗುತ್ತಾರೆ. ಆದರೆ ಈ ಲೆಕ್ಕದಲ್ಲಿ ಅದು ಬೆಳಗಿನ ಜಾಗ: ಹಿಂದಿನ ಮರಗಳನ್ನು ದಾಟಿ ಬಿಸಿಲು ಬೀಳುವ ಹೊತ್ತಿಗೆ ಕಣಿವೆಯಲ್ಲಿ ಮಂಜು ಉಳಿದಿದ್ದರೆ ಜೋಡಣೆ ಸರಿಯಾಗಿರುತ್ತದೆ.

ನೆರಳಿನ ಬದಿಯಲ್ಲಿ ಏನನ್ನು ಹುಡುಕಬೇಕು

ವಿಮಾನ ಮೇಲೇರಿ ಮೋಡದ ಪದರವನ್ನು ಹಿಂದೆ ಹಾಕಿದ ಕ್ಷಣದಿಂದ ಕೆಳಗಿನ ಬಿಳಿ ಹಾಸನ್ನು ಗಮನಿಸಿ. ಮೊದಲು ಕಾಣುವುದು ವಿಮಾನದ ನೆರಳು. ಅದರ ಸುತ್ತ ಉಂಗುರದಂತೆ, ಒಳಗೆ ನೀಲಿ, ಹೊರಗೆ ಕೆಂಪು ಅಂಚಿರುವ ಬಣ್ಣದ ಬಳೆ ಕಂಡರೆ ಅದೇ ಗ್ಲೋರಿ. ಕೆಲವೊಮ್ಮೆ ಒಂದರ ಹೊರಗೊಂದರಂತೆ ಎರಡು, ಮೂರು ಬಳೆಗಳೂ ಇರುತ್ತವೆ. ಕಾಮನಬಿಲ್ಲಿನ ತುಂಡೆಂದು ಇದನ್ನು ಹಲವರು ತಿಳಿಯುತ್ತಾರೆ, ಆದರೆ ಇದು ಅದರ ತಮ್ಮನೂ ಅಲ್ಲ. ಕಾಮನಬಿಲ್ಲಿನ ತ್ರಿಜ್ಯ 42 ಡಿಗ್ರಿ, ಅಂದರೆ ಎರಡು ಗೇಣು. ಗ್ಲೋರಿಯ ಬಳೆ ಸಾಮಾನ್ಯವಾಗಿ ಮುಷ್ಟಿಯೊಳಗೆ ಮುಗಿದುಹೋಗುತ್ತದೆ. ಕಾಮನಬಿಲ್ಲು ಮಳೆಹನಿಯೊಳಗೆ ಬೆಳಕು ಬಾಗಿ, ಒಳಗೋಡೆಗೆ ತಾಗಿ ಹೊರಬರುವುದರಿಂದ ಉಂಟಾಗುತ್ತದೆ. ಗ್ಲೋರಿಯನ್ನು ಉಂಟುಮಾಡುವ ಮೋಡದ ಹನಿಗಳು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಚಿಕ್ಕವು. ಅಲ್ಲಿ ಬೆಳಕನ್ನು ನೇರ ಗೆರೆಯೆಂದು ಎಣಿಸಿದರೆ ಲೆಕ್ಕ ಕೂಡುವುದಿಲ್ಲ, ಅಲೆಯೆಂದೇ ಎಣಿಸಬೇಕು. ಹನಿಯ ಅಂಚನ್ನು ಸವರಿಕೊಂಡು ಸುತ್ತಿ ಬಂದ ಅಲೆಗಳು ಬಂದ ದಿಕ್ಕಿಗೇ ಮರಳುವಾಗ ಒಂದರೊಡನೊಂದು ಸೇರಿ ಕೆಲವೆಡೆ ಬಲಗೊಂಡು, ಕೆಲವೆಡೆ ಅಳಿದು, ಬಳೆಗಳಾಗುತ್ತವೆ. 1908ರಲ್ಲಿ ಗುಸ್ತಾವ್ ಮೀ ಕೊಟ್ಟ ಸಮೀಕರಣಗಳಿಂದ ಬಳೆಯ ಅಳತೆಯನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು, ಆದರೆ ಅದು ಹೇಗೆ ಮೂಡುತ್ತದೆ ಎಂಬುದನ್ನು ಸರಳವಾಗಿ ಹೇಳುವುದು ಭೌತವಿಜ್ಞಾನಿಗಳಿಗೂ ಬಹುಕಾಲ ಕಷ್ಟವಾಗಿತ್ತು.

ಗ್ಲೋರಿ ಕಂಡ ಮೇಲೆ ಸುಮ್ಮನೆ ಮೆಚ್ಚಿ ಬಿಡಬೇಡಿ, ಮೂರು ಸಂಗತಿಗಳನ್ನು ಪರೀಕ್ಷಿಸಿ. ಮೊದಲನೆಯದು ಬಳೆಯ ನಡುವು ನೆರಳಿನ ಯಾವ ಭಾಗದಲ್ಲಿದೆ ಎಂಬುದು. ಅದು ವಿಮಾನದ ನಡುವಿನಲ್ಲಿರುವುದಿಲ್ಲ, ನೀವು ಕೂತ ಸಾಲಿನ ನೆರಳಿನ ಮೇಲೆಯೇ ಇರುತ್ತದೆ. ಹೀಗಾಗಿ ಯಾರೋ ತೆಗೆದ ಗ್ಲೋರಿಯ ಫೋಟೊ ನೋಡಿ ಅವರು ಮುಂದೆ ಕೂತಿದ್ದರೋ ಹಿಂದೆ ಕೂತಿದ್ದರೋ ಎಂದು ಹೇಳಬಹುದು. 1730ರ ದಶಕದಲ್ಲಿ ಭೂಮಿಯ ಆಕಾರವನ್ನು ಅಳೆಯಲು ಈಗಿನ ಈಕ್ವೆಡಾರಿಗೆ ಹೋಗಿದ್ದ ತಂಡದ ಪಿಯರ್ ಬೂಗೆ ಮತ್ತು ಆಂಟೋನಿಯೊ ದೆ ಉಲ್ಯೋವಾ ಪಾಂಬಮಾರ್ಕಾ ಬೆಟ್ಟದ ಮೇಲೆ ಇದನ್ನು ಕಂಡಾಗ ದಾಖಲಿಸಿದ್ದೂ ಇದನ್ನೇ: ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತಲಿನ ಬಳೆ ಮಾತ್ರ ಕಂಡಿತ್ತು. ಎರಡನೆಯದು ಅಳತೆ. ಮೋಡ ಹತ್ತಿರವಾದಂತೆ ವಿಮಾನದ ನೆರಳು ದೊಡ್ಡದಾಗುತ್ತದೆ, ಬಳೆ ಮಾತ್ರ ಇದ್ದಷ್ಟೇ ಇರುತ್ತದೆ, ಏಕೆಂದರೆ ಅದರ ಗಾತ್ರವನ್ನು ನಿರ್ಧರಿಸುವುದು ಹನಿಯ ಗಾತ್ರವೇ ಹೊರತು ದೂರವಲ್ಲ. ಹನಿ ಚಿಕ್ಕದಾದಷ್ಟೂ ಬಳೆ ಅಗಲವಾಗುತ್ತದೆ. ಮೂರನೆಯದು ಆಕಾರ. ಬಳೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಗ್ಗಿ ನಡುಗುತ್ತಿದ್ದರೆ ಕೆಳಗಿನ ಮೋಡದಲ್ಲಿ ಹನಿಗಳ ಗಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತಿದೆ ಎಂದರ್ಥ.

ನೆರಳು ಕಾಣದೆ ಬಳೆ ಮಾತ್ರ ಕಾಣುವುದೂ ಉಂಟು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಯಾವುದೇ ವಸ್ತುವಿನ ಗಾಢ ನೆರಳು ಅದರ ಅಗಲದ ಸುಮಾರು 108 ಪಟ್ಟು ದೂರದಲ್ಲಿ ಕೊನೆಯಾಗುತ್ತದೆ. ಸಾಲಿಗೆ ಆರು ಆಸನದ ವಿಮಾನದ ಒಡಲು ಸುಮಾರು 4 ಮೀಟರ್ ಅಗಲ. ಹಾಗಾದರೆ 430 ಮೀಟರ್ ಆಚೆ ನೆರಳು ಮಸುಕಾಗುತ್ತ ಹೋಗಿ, ಕೆಲವು ಕಿಲೋಮೀಟರ್ ಕೆಳಗಿನ ಮೋಡದ ಮೇಲೆ ಬರೀ ಬಣ್ಣದ ಬಳೆಯೊಂದು ತಾನೇ ಓಡುತ್ತಿರುವಂತೆ ಕಾಣುತ್ತದೆ. ಅಷ್ಟೆತ್ತರದಲ್ಲಿ ಗಾಳಿ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದು ವಿಮಾನದ ಹಿಂದೆ ಬಿಳಿ ಗೆರೆ ಮೂಡುತ್ತಿದ್ದರೆ, ಆ ಗೆರೆಯ ನೆರಳೂ ಕಪ್ಪು ದಾರದಂತೆ ಮೋಡದ ಮೇಲೆ ಎಳೆದುಕೊಂಡಿರುತ್ತದೆ. ಅದರ ತುದಿಯನ್ನು ಹಿಂಬಾಲಿಸಿದರೆ ಗ್ಲೋರಿ ಸಿಗುತ್ತದೆ.

ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿ ಕೆಲವು ವಾರ ಕಳೆದಾಗ ಇಂಥ ಬಳೆಗಳನ್ನು ಕಂಡು, ಪ್ರಯೋಗಶಾಲೆಯಲ್ಲಿ ಮೋಡ ಮಾಡಿ ಅವನ್ನು ಮರಳಿ ಮೂಡಿಸಲು ಹೊರಟರು. ಆ ಪ್ರಯತ್ನ ಬೆಳೆದು ಕಣ್ಣಿಗೆ ಕಾಣದ ಕಣಗಳ ಜಾಡನ್ನು ತೋರಿಸುವ ಮೇಘಕೋಶವಾಯಿತು, ಅದಕ್ಕಾಗಿ ಅವರಿಗೆ 1927ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬೆಟ್ಟದ ಮಂಜನ್ನು ಮನೆಯಂಗಳದಲ್ಲೇ ಕಂಡು ಬೆಳೆದವರು ಇದನ್ನು ನೆನಪಿನಲ್ಲಿಡಬೇಕೆಂದು ನನಗನ್ನಿಸುತ್ತದೆ.

ಗ್ಲೋರಿಯ ಹೊರಗೆ, ಎರಡು ಗೇಣಿಗೆ ಸ್ವಲ್ಪ ಒಳಗೆ, ಬಣ್ಣವಿಲ್ಲದ ಅಗಲವಾದ ಬಿಳಿ ಕಮಾನೊಂದು ಮೋಡದ ಮೇಲೆ ಹರಡಿರಬಹುದು. ಇದು ಮೋಡಬಿಲ್ಲು, ಹನಿಗಳು ತೀರ ಚಿಕ್ಕವಾಗಿರುವುದರಿಂದ ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗಿರುತ್ತವೆ. ಇದು ಎಷ್ಟು ಮಂಕಾಗಿರುತ್ತದೆಂದರೆ, ಹುಡುಕದವರಿಗೆ ಎಂದೂ ಕಾಣುವುದಿಲ್ಲ. ಕೆಳಗೆ ನಿಜವಾದ ಮಳೆ ಸುರಿಯುತ್ತಿದ್ದರೆ ನೆಲದವರಿಗೆ ಕಮಾನಾಗಿ ಕಾಣುವ ಕಾಮನಬಿಲ್ಲು ಇಲ್ಲಿ ಪೂರ್ತಿ ವೃತ್ತವಾಗಿಯೂ ಕಾಣಬಹುದು, ಆದರೆ ಪುಟ್ಟ ಕಿಟಕಿಯ ಚೌಕಟ್ಟಿನೊಳಗೆ ಅಷ್ಟು ದೊಡ್ಡ ವೃತ್ತ ಹಿಡಿಸುವುದು ಅಪರೂಪ.

ಮೋಡವೇ ಇಲ್ಲದ ದಿನ ನಿರಾಶರಾಗಬೇಕಿಲ್ಲ. ಕಣ್ಣೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಅದು ದಕ್ಷಿಣ ಕೊಡಗಿನ ಮೇಲೆ ಹಾಯುತ್ತದೆ. ಆ ದಾರಿಯಲ್ಲಿ ಕಾಡು, ತೋಟಗಳ ಮೇಲೆ ಮಬ್ಬು ಬೆಳಕಿನ ಮಚ್ಚೆಯೊಂದು ವಿಮಾನದ ಜೊತೆಗೇ ಜಾರುತ್ತ ಬರುವುದನ್ನು ನೋಡಿ. ಮರವೊಂದರ ಮೇಲೆ ಬಿಸಿಲು ಬಿದ್ದಾಗ ಪ್ರತಿ ಎಲೆಯೂ ಹಿಂದಿನ ಎಲೆಗೆ ನೆರಳು ಕೊಡುತ್ತದೆ. ಬೇರೆ ಕಡೆಯಿಂದ ನೋಡಿದರೆ ಆ ನೆರಳುಗಳೂ ಕಾಣುವುದರಿಂದ ಕಾಡು ಕಪ್ಪಾಗಿ ತೋರುತ್ತದೆ. ಸೂರ್ಯನನ್ನು ನೇರ ಬೆನ್ನಿಗೆ ಹಾಕಿ ನೋಡಿದಾಗ ಮಾತ್ರ ಪ್ರತಿ ನೆರಳೂ ತನ್ನನ್ನು ಉಂಟುಮಾಡಿದ ಎಲೆಯ ಹಿಂದೆಯೇ ಅಡಗುತ್ತದೆ, ಆದ್ದರಿಂದ ಅಷ್ಟು ಜಾಗ ಬೆಳಗುತ್ತದೆ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಬೆಳೆದ ಕಾಫಿ ತೋಟಗಳ ಮೇಲೆ ಈ ಮಚ್ಚೆ ಚೆನ್ನಾಗಿ ಕಾಣುತ್ತದೆ, ಕೊಯಿಲಾದ ಬೋಳು ಗದ್ದೆಯ ಮೇಲೆ ಮಂಕಾಗುತ್ತದೆ. ರಸ್ತೆಬದಿಯ ಸೂಚನಾ ಫಲಕಗಳ ಮೇಲೆ ಹಾದಾಗ ಅವು ಒಂದು ಕ್ಷಣ ಕಿಡಿಯಂತೆ ಮಿನುಗುವುದೂ ಉಂಟು, ಏಕೆಂದರೆ ಬೆಳಕನ್ನು ಬಂದ ದಾರಿಗೇ ಮರಳಿಸುವಂತೆ ಅವನ್ನು ಮಾಡಿರುತ್ತಾರೆ.

ಸೂರ್ಯನ ಬದಿಯಲ್ಲಿ ಕೂತವರಿಗೆ

ಸೂರ್ಯನನ್ನು ನೇರವಾಗಿ ನೋಡಬಾರದು. ಕ್ಯಾಮೆರಾದ ಕಿಂಡಿಯಿಂದಂತೂ ಖಂಡಿತ ಬೇಡ. ಸೂರ್ಯನ ಬಿಲ್ಲೆಯನ್ನು ಚಾಚಿದ ಹೆಬ್ಬೆರಳಿನಿಂದಲೋ ಕಿಟಕಿಯ ಅಂಚಿನಿಂದಲೋ ಮರೆಮಾಡಿ ಸುತ್ತಲಿನ ಆಕಾಶವನ್ನು ಮಾತ್ರ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಎಲ್ಲಕ್ಕಿಂತ ಸುಲಭವಾಗಿ ಕಾಣುವುದು ನೀರಿನ ಮಿಂಚು. ಜುಲೈ, ಆಗಸ್ಟಿನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆಗಳು, ಕಾವೇರಿಯ ತಿರುವುಗಳು, ಹಾರಂಗಿ ಮತ್ತು ಕೃಷ್ಣರಾಜಸಾಗರದ ಹಿನ್ನೀರು ಒಂದಾದ ಮೇಲೊಂದು ಬೆಳ್ಳಿಯಂತೆ ಹತ್ತಿಕೊಂಡು ಆರುತ್ತವೆ. ತೋಟಗಳ ನಡುವೆ ಇಷ್ಟೊಂದು ಕೆರೆಗಳಿದ್ದವೇ ಎಂದು ಬೆರಗಾಗುವುದು ಆಗಲೇ.

ಎತ್ತರದ ಮೋಡದ ಮೇಲೆ ಹಾರುವಾಗ, ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೋ ಅಷ್ಟೇ ಕೆಳಗೆ, ಮೋಡದೊಳಗೆ ಉರಿಯುವ ಉದ್ದನೆಯ ಬೆಳಕೊಂದು ವಿಮಾನದ ವೇಗದಲ್ಲೇ ಓಡಿದರೆ ಅದು ತಳಸೂರ್ಯ. ಇದಕ್ಕೆ ಕಾರಣ ಆರು ಮೂಲೆಯ, ತಟ್ಟೆಯಂಥ ಹಿಮಹರಳುಗಳು. ಅವು ನಿಧಾನವಾಗಿ ಬೀಳುವಾಗ ಒಣಗಿದ ಎಲೆಯಂತೆ ಮಟ್ಟಸವಾಗಿ ತೇಲುತ್ತ, ಲಕ್ಷಾಂತರ ಪುಟ್ಟ ಕನ್ನಡಿಗಳಾಗಿ ಸೂರ್ಯನನ್ನು ಪ್ರತಿಫಲಿಸುತ್ತವೆ. ಇಲ್ಲೊಂದು ಉಪಯುಕ್ತ ಗುರುತು ಸಿಗುತ್ತದೆ: ನೆರಳಿನ ಬದಿಯಲ್ಲಿ ಗ್ಲೋರಿ ಕಂಡರೆ ಕೆಳಗಿನ ಮೋಡ ನೀರಿನ ಹನಿಗಳದ್ದು, ಸೂರ್ಯನ ಬದಿಯಲ್ಲಿ ತಳಸೂರ್ಯ ಕಂಡರೆ ಹಿಮಹರಳುಗಳದ್ದು.

ಹಿಮಹರಳುಗಳು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಸೂರ್ಯನ ಸುತ್ತ 22 ಡಿಗ್ರಿಯ, ಒಂದು ಗೇಣಿನ ದೂರದಲ್ಲಿ ವೃತ್ತ ಮೂಡುತ್ತದೆ. ಹಳಬರು ‘ಗುಡಿ ಕಟ್ಟಿದೆ’ ಎನ್ನುವ ಪರಿವೇಷ ಇದೇ. ಸೂರ್ಯ ತಗ್ಗಿನಲ್ಲಿದ್ದಾಗ ಆತನ ಎಡಬಲಗಳಲ್ಲಿ, ಅಷ್ಟೇ ಎತ್ತರದಲ್ಲಿ ಹುಸಿಸೂರ್ಯರೂ ಕಾಣಬಹುದು.

ನಮ್ಮವರಿಗೆ ಅನುಕೂಲವಾದ ಇನ್ನೊಂದು ದೃಶ್ಯವಿದೆ. ಸೂರ್ಯ 58 ಡಿಗ್ರಿಗಿಂತ ಮೇಲೇರಿದ್ದು, ತೆಳು ಹಿಮಮೋಡ ಹರಡಿದ್ದರೆ, ಸೂರ್ಯನಿಂದ 46 ಡಿಗ್ರಿ ಕೆಳಗೆ ದಿಗಂತಕ್ಕೆ ಸಮಾನಾಂತರವಾಗಿ ಕಡು ಬಣ್ಣಗಳ ಪಟ್ಟಿಯೊಂದು ಮೂಡುತ್ತದೆ, ಕೆಂಪು ಮೇಲೆ, ನೀಲಿ ಕೆಳಗೆ. ಉತ್ತರ ಯುರೋಪಿನ ಬಹುಭಾಗದಲ್ಲಿ ಸೂರ್ಯ ಅಷ್ಟೆತ್ತರಕ್ಕೆ ಏರುವುದೇ ಇಲ್ಲವಾದ್ದರಿಂದ ಅವರಿಗೆ ಇದು ಸಿಗದು. ಕೊಡಗಿನ ಅಕ್ಷಾಂಶದಲ್ಲಿ ನವೆಂಬರ್ 20ರ ಸುಮಾರಿನಿಂದ ಜನವರಿ 22ರ ಸುಮಾರಿನವರೆಗಿನ ಎರಡು ತಿಂಗಳನ್ನು ಬಿಟ್ಟರೆ ವರ್ಷವಿಡೀ ನಡುಹಗಲಿನಲ್ಲಿ ಇದಕ್ಕೆ ಅವಕಾಶವಿದೆ. ನಡುಹಗಲಿನ ವಿಮಾನ ಹಿಡಿದವರಿಗೆ ನೆರಳಿನ ಬದಿ ವ್ಯರ್ಥವೆಂದು ಹೇಳಿದೆನಲ್ಲ. ಅವರು ಸೂರ್ಯನ ಬದಿಯಲ್ಲಿ ಕೂತು ಈ ಪಟ್ಟಿಗಾಗಿ ಕಾಯಬಹುದು.

ರೆಕ್ಕೆಯ ಮೇಲೂ ಗಾಜಿನಲ್ಲೂ

ರೆಕ್ಕೆಯ ಪಕ್ಕದ ಸಾಲೇ ಸಿಕ್ಕಿದರೂ ನೋಡುವುದಕ್ಕೆ ಇದೆ. ಜೆಟ್ ವಿಮಾನ ಶಬ್ದದ ವೇಗದ ಸುಮಾರು 0.78 ಪಟ್ಟು ವೇಗದಲ್ಲಿ ಹಾರುತ್ತದೆ, ಆದರೆ ರೆಕ್ಕೆಯ ಉಬ್ಬಿನ ಮೇಲೆ ಹರಿಯುವ ಗಾಳಿ ಅದಕ್ಕಿಂತ ಜೋರಾಗಿ, ಶಬ್ದದ ವೇಗವನ್ನೂ ಮೀರಿ ಓಡುತ್ತದೆ. ಆ ಗಾಳಿ ಮತ್ತೆ ನಿಧಾನವಾಗುವ ಕಡೆ ಆಘಾತ ತರಂಗ ನಿಲ್ಲುತ್ತದೆ. ಅಲ್ಲಿ ಗಾಳಿಯ ಸಾಂದ್ರತೆ ಥಟ್ಟನೆ ಬದಲಾಗುವುದರಿಂದ ಬೆಳಕು ಬಾಗಿ, ಸೂರ್ಯ ತಕ್ಕ ಎತ್ತರದಲ್ಲಿದ್ದರೆ ರೆಕ್ಕೆಯ ಉದ್ದಕ್ಕೂ ತೆಳ್ಳನೆಯ ಕಪ್ಪು ಗೆರೆಯೂ ಪಕ್ಕದಲ್ಲೇ ಬಿಳಿ ಗೆರೆಯೂ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿರುತ್ತವೆ. ಮಳೆಗಾಲದಲ್ಲಿ ಕರಾವಳಿಯ ತೇವದ ಗಾಳಿಗೆ ಇಳಿಯುವಾಗ, ಒತ್ತಡ ಕುಸಿದ ರೆಕ್ಕೆಯ ಮೇಲ್ಮೈಯಲ್ಲಿ ಹಬೆ ಕಟ್ಟಿ ಕಳಚುವುದನ್ನೂ ಗಮನಿಸಬಹುದು. ಅದು ಹೊಗೆಯಲ್ಲ, ಗಾಬರಿ ಬೇಡ.

ಕಿಟಕಿ ಗಾಜಿನದ್ದಲ್ಲ, ಎಳೆದು ಬಲಪಡಿಸಿದ ಅಕ್ರಿಲಿಕ್ ಪದರಗಳದ್ದು. ಪೋಲರಾಯ್ಡ್ ತಂಪುಕನ್ನಡಕ ಹಾಕಿಕೊಂಡು, ಸೂರ್ಯನಿಂದ 90 ಡಿಗ್ರಿ ದೂರದ ನೀಲಿ ಆಕಾಶವನ್ನು ಕಿಟಕಿಯ ಮೂಲಕ ನೋಡಿದರೆ ಎಣ್ಣೆ ಚೆಲ್ಲಿದ ನೀರಿನ ಮೇಲಿನಂತೆ ಬಣ್ಣದ ಪಟ್ಟೆಗಳು ಕಾಣುತ್ತವೆ. ಅಲ್ಲಿನ ಆಕಾಶದ ಬೆಳಕು ಬಹುಮಟ್ಟಿಗೆ ಒಂದೇ ತಲದಲ್ಲಿ ಅಲೆಯುವ, ಅಂದರೆ ಧ್ರುವೀಕೃತ ಬೆಳಕು. ಬಿಗಿದ ಪ್ಲಾಸ್ಟಿಕ್ ಪ್ರತಿ ಬಣ್ಣದ ಆ ತಲವನ್ನು ಬೇರೆ ಬೇರೆಯಾಗಿ ತಿರುಚುತ್ತದೆ, ಕನ್ನಡಕ ಅವನ್ನು ಬೇರ್ಪಡಿಸಿ ತೋರಿಸುತ್ತದೆ. ಆಕಾಶವನ್ನೇ ನೋಡಬೇಕೆಂದಿದ್ದರೆ ಕನ್ನಡಕ ತೆಗೆಯಿರಿ. ನಡುವಿನ ಪದರದ ಕೆಳಭಾಗದಲ್ಲಿರುವ ಪುಟ್ಟ ತೂತು ಒತ್ತಡವನ್ನು ಸರಿದೂಗಿಸಲು ಇಟ್ಟದ್ದು. ಅದರ ಸುತ್ತ ಮಂಜುಗಡ್ಡೆಯ ಗರಿಗಳು ಬೆಳೆಯುವುದನ್ನು ಮಕ್ಕಳಿಗೆ ತೋರಿಸಿ.

ಸಂಜೆಯ ಹಾರಾಟ

35,000 ಅಡಿ ಎತ್ತರದಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರದಲ್ಲಿರುತ್ತದೆ, ಅದು ಮಟ್ಟದ ಗೆರೆಗಿಂತ 3 ಡಿಗ್ರಿಗೂ ಸ್ವಲ್ಪ ಹೆಚ್ಚು ಕೆಳಗಿರುತ್ತದೆ. ಹಾಗಾಗಿ ಕೆಳಗಿನ ಊರಿನವರಿಗೆ ಸೂರ್ಯ ಮುಳುಗಿ ಸುಮಾರು 13 ನಿಮಿಷ ಕಳೆದ ಮೇಲೆ ನಿಮಗೆ ಮುಳುಗುತ್ತಾನೆ. ಅರಬ್ಬಿ ಸಮುದ್ರದ ಮೇಲೆ ದಿಗಂತ ಶುಭ್ರವಾಗಿದ್ದರೆ, ಬಿಲ್ಲೆಯ ಕೊನೆಯ ಚೂರು ಮುಳುಗುವ ಒಂದೆರಡು ಸೆಕೆಂಡಿನಲ್ಲಿ ಅದು ಹಸಿರಾಗಬಹುದು. ವಾತಾವರಣ ಪಟ್ಟಕದಂತೆ ಬಣ್ಣಗಳನ್ನು ಬೇರೆ ಮಾಡುವುದರಿಂದ ಹೀಗಾಗುತ್ತದೆ. ಇದಕ್ಕಾಗಿ ಮೊದಲಿನಿಂದ ಸೂರ್ಯನನ್ನೇ ದಿಟ್ಟಿಸುತ್ತ ಕೂತರೆ ಕಣ್ಣು ಮಂಜಾಗಿ ಹಸಿರೂ ಕಾಣದು. ಕೊನೆಯ ಚೂರು ಉಳಿದಾಗ ಮಾತ್ರ ನೋಡಿ.

ಆದರೆ ಸೂರ್ಯಾಸ್ತದ ಹೊತ್ತಿನಲ್ಲಿ ನಾನು ಪೂರ್ವದ ಕಿಟಕಿಯನ್ನೇ ಆರಿಸುತ್ತೇನೆ. ಸೂರ್ಯ ಮುಳುಗಿದ ಬೆನ್ನಿಗೆ ಪೂರ್ವ ದಿಗಂತದಿಂದ ಬೂದುನೀಲಿಯ ಪಟ್ಟಿಯೊಂದು ಮೇಲೇಳತೊಡಗುತ್ತದೆ. ಅದು ಮೋಡವಲ್ಲ, ಮಬ್ಬೂ ಅಲ್ಲ. ಭೂಮಿ ತನ್ನದೇ ವಾತಾವರಣದ ಮೇಲೆ ಚೆಲ್ಲುವ ನೆರಳು. ಅದರ ಮೇಲಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ, ಅದು ಮುಳುಗುವ ಸೂರ್ಯನ ಕೆಂಪು ಬೆಳಕು ಅಲ್ಲಿಂದ ಚದುರಿ ಮರಳಿ ಬಂದದ್ದು. ಹತ್ತು ಹದಿನೈದು ನಿಮಿಷಗಳಲ್ಲಿ ನೆರಳು ಏರಿ ಗುಲಾಬಿಯನ್ನು ನುಂಗಿ, ಕತ್ತಲೆಯೊಡನೆ ಒಂದಾಗುತ್ತದೆ.

ಫೋಟೊ ತೆಗೆಯುವವರಿಗೆ

ಫ್ಲಾಶ್ ಬಳಸಬೇಡಿ. ಮಸೂರವನ್ನು ಕಿಟಕಿಗೆ ಹತ್ತಿರ ಹಿಡಿಯಿರಿ, ತಾಗಿಸಬೇಡಿ. ತಾಗಿದರೆ ವಿಮಾನದ ನಡುಕ ಚಿತ್ರಕ್ಕೂ ಬರುತ್ತದೆ. ಒಳಗಿನ ದೀಪ, ಬಿಳಿ ಅಂಗಿ ಗಾಜಿನಲ್ಲಿ ಪ್ರತಿಫಲಿಸದಂತೆ ಕಪ್ಪು ಬಟ್ಟೆಯೊಂದನ್ನು ಮಸೂರದ ಸುತ್ತ ಮರೆಮಾಡಿ. ಮದುವೆಗೆ ಹೊರಟವರ ಚೀಲದಲ್ಲಿ ಕೊಡವರ ಕಪ್ಪು ನಿಲುವಂಗಿ ಕುಪ್ಯ ಇದ್ದರೆ ಅದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ. ಫೋನು ತಾನಾಗಿ ಗಾಜಿನ ಗೀರಿಗೆ ಫೋಕಸ್ ಮಾಡಿಬಿಡುತ್ತದೆ, ಆದ್ದರಿಂದ ದೂರದ ಮೋಡದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಸ್ಥಿರಗೊಳಿಸಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ಬಿಳಿ ಮೋಡದಲ್ಲಿ ಬಳೆಯ ಬಣ್ಣ ಅಳಿಸಿಹೋಗುತ್ತದೆ. ಚಿತ್ರದೊಡನೆ ಹೊತ್ತು, ಆಸನ ಸಂಖ್ಯೆ, ಮಾರ್ಗವನ್ನು ಬರೆದಿಡಿ, ಮುಂದಿನ ಸಲದ ಆಯ್ಕೆಗೆ ಅದೇ ಆಧಾರ. ಕೆಲವು ನಿಲ್ದಾಣಗಳಲ್ಲಿ ಫೋಟೊ ತೆಗೆಯುವುದಕ್ಕೆ ನಿರ್ಬಂಧವಿರುತ್ತದೆ, ಸಿಬ್ಬಂದಿ ಹೇಳಿದಂತೆ ನಡೆದುಕೊಳ್ಳಿ.

ಇಳಿಯುವ ಘೋಷಣೆಯಾದಾಗ ಫೋನನ್ನು ಕಿಸೆಗೆ ಹಾಕಿ. ಪರದೆ ಹೇಗೂ ತೆರೆದಿರಬೇಕು. ನೆರಳಿನ ಬದಿಯಲ್ಲಿದ್ದು ಕೆಳಗೆ ಬಿಡಿ ಮೋಡಗಳಿದ್ದರೆ, ಮೋಡದ ಮೇಲ್ಮೈ ಹತ್ತಿರವಾದಂತೆ ಬಳೆಯೊಳಗಿನ ಮಸುಕು ಮಚ್ಚೆ ಗಟ್ಟಿಯಾಗಿ, ರೆಕ್ಕೆ, ಬಾಲ, ಎಂಜಿನ್ ಎಲ್ಲವೂ ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಕ್ಷಣಮಾತ್ರ ಅದು ಬಳೆಗಿಂತಲೂ ದೊಡ್ಡದಾಗಿ, ವಿಮಾನ ಮೋಡದೊಳಗೆ ನುಗ್ಗಿದೊಡನೆ ಎರಡೂ ಮಾಯವಾಗುತ್ತವೆ. ಮೋಡದ ಕೆಳಗೆ ಬಿಸಿಲಿದ್ದರೆ ನೆರಳು ಮತ್ತೆ ಸಿಗುತ್ತದೆ: ತೆಂಗಿನ ತಲೆಗಳ ಮೇಲೆ, ಹೆಂಚಿನ ಮಾಡುಗಳ ಮೇಲೆ, ಕೆಂಪು ಮುರಕಲ್ಲಿನ ದಿಬ್ಬಗಳ ಮೇಲೆ ಏರಿಳಿಯುತ್ತ, ಪ್ರತಿ ಸೆಕೆಂಡಿಗೂ ಹತ್ತಿರ ಸರಿಯುತ್ತ ಬಂದು, ಚಕ್ರಗಳು ರನ್‌ವೇ ಮುಟ್ಟುವ ಹೊತ್ತಿಗೆ ಪಕ್ಕಕ್ಕೆ ಬಂದು ಸೇರುತ್ತದೆ.